ಹೆಂಡತಿಯನ್ನು ಹೊತ್ತು ಓಡುವುದನ್ನೂ ಕ್ರೀಡೆ ಎನ್ನಬಹುದೇ?

ಜಗತ್ತಿನ ಅತಿ ವಿಚಿತ್ರ ಕ್ರೀಡೆಗಳು ಯಾವುವು, ಅವನ್ನು ನಿಜಕ್ಕೂ ಕ್ರೀಡೆ ಎನ್ನಬಹುದೇ ಎಂದು ಕೇಳಿದ್ದೀರಿ. ನಾನು ಬೆಂಗಳೂರಿನ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಮಳೆ ಬಂದು ಮೈದಾನ ಕೆಸರಾದ ದಿನ ಗಣಿತದ ಮೇಷ್ಟ್ರು ಬಂದು ನನ್ನ ಪೀರಿಯಡ್ ಕೇಳುವ ಮೊದಲೇ ಮಕ್ಕಳನ್ನು ಕೂರಿಸಿ ಇಂಥ ಆಟಗಳ ಕಥೆ ಶುರು ಮಾಡುತ್ತೇನೆ. ಹಾಗಾಗಿ ಸಂಗ್ರಹ ದೊಡ್ಡದಿದೆ, ಎಲ್ಲವನ್ನೂ ಇಲ್ಲಿ ಸುರಿಯುವುದಿಲ್ಲ. ತೀರ್ಪುಗಾರ ಏನನ್ನು ಅಳೆಯುತ್ತಾನೆ ಎಂಬುದನ್ನು ನಾನು ಮೊದಲು ನೋಡುತ್ತೇನೆ. ಅಳೆಯಲು ಏನಾದರೂ ಇದ್ದು, ಸೋತವನಿಗೆ ನಿಜವಾಗಿ ಹೊಟ್ಟೆ ಉರಿಯುವಂತಿದ್ದರೆ ನನ್ನ ಲೆಕ್ಕದಲ್ಲಿ ಅದು ಕ್ರೀಡೆ.

ಫಿನ್ಲೆಂಡಿನ ಸೊಂಕಾಯಾರ್ವಿಯಲ್ಲಿ 1992ರಿಂದ ಹೆಂಡತಿಯನ್ನು ಹೊತ್ತು ಓಡುವ ಸ್ಪರ್ಧೆ ನಡೆಯುತ್ತಿದೆ. ಕೇಳಿದರೆ ಜಾತ್ರೆಯ ತಮಾಷೆ ಅನ್ನಿಸುತ್ತದೆ. ಆದರೆ ಓಟದ ದೂರ 253.5 ಮೀಟರ್, ಆ ಅರ್ಧ ಮೀಟರನ್ನೂ ಬಿಟ್ಟಿಲ್ಲ. ದಾರಿಯಲ್ಲಿ ಎರಡು ಒಣ ಅಡೆತಡೆಗಳು, ಒಂದು ನೀರಿನ ಹೊಂಡ. ಹೆಂಡತಿ ಕನಿಷ್ಠ 49 ಕಿಲೋ ತೂಗಬೇಕು, ಕಡಿಮೆಯಿದ್ದರೆ ಕೊರತೆಯನ್ನು ಚೀಲದಲ್ಲಿ ತುಂಬಿ ಬೆನ್ನಿಗೆ ಕಟ್ಟುತ್ತಾರೆ. ಹೊತ್ತವಳು ಸ್ವಂತ ಹೆಂಡತಿಯೇ ಆಗಿರಬೇಕೆಂದಿಲ್ಲ, ಪಕ್ಕದ ಮನೆಯವನ ಹೆಂಡತಿಯೂ ಆಗಬಹುದು ಎಂದು ನಿಯಮದಲ್ಲೇ ಬರೆದಿದೆ. (ಇದನ್ನು ಶಾಲೆಯಲ್ಲಿ ಹೇಳುವುದಿಲ್ಲ.) ಗೆದ್ದವರಿಗೆ ಹೆಂಡತಿಯ ತೂಕದಷ್ಟು ಬಿಯರ್. ಅಂದರೆ ಹಗುರ ಹೆಂಡತಿಯಿದ್ದರೆ ಓಟ ಸುಲಭ, ಬಹುಮಾನ ಕಡಿಮೆ. ಗೆಲ್ಲುವವರಲ್ಲಿ ಹಲವರು ಬಳಸುವುದು ಎಸ್ಟೋನಿಯಾ ಶೈಲಿ: ಹೆಂಡತಿ ತಲೆಕೆಳಗಾಗಿ ಗಂಡನ ಬೆನ್ನಿಗೆ ಜೋತು, ಕಾಲುಗಳನ್ನು ಅವನ ಕುತ್ತಿಗೆಯ ಸುತ್ತ ಬಿಗಿಯುತ್ತಾಳೆ. ಭಾರ ಮೈಗೆ ಅಂಟಿಕೊಳ್ಳುವುದರಿಂದ ಓಡುವವನ ಕೈ ಬಿಡುವಾಗುತ್ತದೆ. ಯೋಚಿಸಿ ಕಂಡುಕೊಂಡ ತಂತ್ರವಿದು.

ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ಕೂಪರ್ಸ್ ಹಿಲ್‌ನಲ್ಲಿ ಕಡಿದಾದ ಇಳಿಜಾರಿನಿಂದ ಗಾಲಿಯಾಕಾರದ ಚೀಸ್ ಗಡ್ಡೆಯೊಂದನ್ನು ಉರುಳಿಸಿ ಅದರ ಹಿಂದೆ ಓಡುತ್ತಾರೆ. ಓಡುತ್ತಾರೆ ಎನ್ನುವುದಕ್ಕಿಂತ ಬೀಳುತ್ತಾರೆ ಎನ್ನಬೇಕು. ಚೀಸ್ ಕೈಗೆ ಸಿಗುವುದಿಲ್ಲ, ಮೊದಲು ಕೆಳಗೆ ಮುಟ್ಟಿದವರೇ ವಿಜೇತರು. 2023ರಲ್ಲಿ ಕೆನಡಾದ ಯುವತಿಯೊಬ್ಬಳು ಪ್ರಜ್ಞೆ ತಪ್ಪಿ ಉರುಳುತ್ತಲೇ ಗೆರೆ ದಾಟಿದಳು. ಗೆದ್ದ ಸುದ್ದಿ ಅವಳಿಗೆ ಎಚ್ಚರವಾದ ಮೇಲಷ್ಟೇ ತಿಳಿಯಿತು. ಇದಕ್ಕೆ ನನ್ನ ಮತವಿಲ್ಲ. ಆಟಗಾರ ಎಚ್ಚರ ತಪ್ಪಿಯೂ ಗೆಲ್ಲಬಹುದಾದಲ್ಲಿ ತರಬೇತಿಗೆ ಏನು ಉಳಿಯಿತು?

ವೇಲ್ಸ್‌ನ ಲ್ಯಾನ್‌ವರ್ಟಿಡ್ ವೆಲ್ಸ್ ಎಂಬ ಪುಟ್ಟ ಊರು ನನಗೆ ಹೆಚ್ಚು ಇಷ್ಟ. ಅಲ್ಲಿ ಜೌಗು ನೆಲದಲ್ಲಿ ತೋಡಿದ 55 ಮೀಟರ್ ಉದ್ದದ ಕೆಸರು ಕಾಲುವೆಯಲ್ಲಿ ಉಸಿರುಕೊಳವೆ ಕಚ್ಚಿಕೊಂಡು ಹೋಗಿ ಬರುವ ಸ್ಪರ್ಧೆಯಿದೆ. ಮಾಮೂಲಿ ಈಜಿನಂತೆ ಕೈ ಬೀಸುವಂತಿಲ್ಲ, ಕಾಲಿನ ಬಲದಲ್ಲೇ ಸಾಗಬೇಕು. ಅದೇ ಊರಿನ ಹೋಟೆಲಿನ ಮಾಲೀಕನ ಕಿವಿಗೆ ಬಿದ್ದ ಒಂದು ವಾದದಿಂದ 1980ರಲ್ಲಿ ಇನ್ನೊಂದು ಸ್ಪರ್ಧೆ ಹುಟ್ಟಿತು: ಗುಡ್ಡಗಾಡಿನ ದೂರದ ಓಟದಲ್ಲಿ ಮನುಷ್ಯ ಕುದುರೆಯನ್ನು ಸೋಲಿಸಬಲ್ಲನೇ? ಸುಮಾರು 35 ಕಿಲೋಮೀಟರ್ ದಾರಿ. ಮನುಷ್ಯ ಗೆದ್ದರೆ ಕೊಡುವ ಹಣ ವರ್ಷಕ್ಕೆ ಸಾವಿರ ಪೌಂಡಿನಂತೆ ಬೆಳೆಯುತ್ತಾ ಹೋಯಿತು. ಕಡೆಗೆ 2004ರಲ್ಲಿ ಹ್ಯೂ ಲಾಬ್ ಎಂಬ ಓಟಗಾರ ಎಲ್ಲ ಕುದುರೆಗಳಿಗಿಂತ ಮೊದಲು ಮುಗಿಸಿ 25,000 ಪೌಂಡ್ ಒಯ್ದ. ಆಮೇಲೂ ಕೆಲವರು ಗೆದ್ದಿದ್ದಾರೆ. ವೇಗದಲ್ಲಿ ನಾವು ಕುದುರೆಯ ಹತ್ತಿರಕ್ಕೂ ಸುಳಿಯಲಾರೆವು. ಆದರೆ ಮೈತುಂಬ ಬೆವರಿ ಕಾವು ಕಳೆದುಕೊಳ್ಳುತ್ತಾ ಗಂಟೆಗಟ್ಟಲೆ ಓಡುವುದರಲ್ಲಿ ಮನುಷ್ಯನಿಗೆ ಸಮನಾದ ಪ್ರಾಣಿಗಳು ಕಡಿಮೆ.

ನೀರಿನೊಳಗೆ, ಬೆಟ್ಟದ ತುದಿಯಲ್ಲಿ ಇಸ್ತ್ರಿ ಮಾಡುವ ಸಾಹಸವನ್ನೂ ಇಂಥ ಪಟ್ಟಿಗಳಲ್ಲಿ ಸೇರಿಸುತ್ತಾರೆ. ಅದು ಫೋಟೋಕ್ಕಾಗಿ ಮಾಡುವ ಕೆಲಸ, ಬಿಡಿ.

ವಿಚಿತ್ರ ಎನ್ನುವ ಮಾತು ಬಂದರೆ ನಮ್ಮ ಕಂಬಳವನ್ನೂ ಹೊರಗಿನವರ ಕಣ್ಣಿನಿಂದ ನೋಡಬೇಕು. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕರೆ, ಅಂದರೆ ಕೋಣಗಳು ಓಡುವ ಕೆಸರಿನ ಹಾದಿ, ತೋಡಿ, ಕರಾವಳಿಯಿಂದ ಕೋಣಗಳನ್ನು ಕರೆತಂದು ಓಡಿಸಿದರು. ಕೋಣಗಳ ಓಟ ಎಂದಷ್ಟೇ ತಿಳಿದಿದ್ದವರು ಕನೆಹಲಗೆ ವಿಭಾಗವನ್ನು ನೋಡಬೇಕು. ಅಲ್ಲಿ ವೇಗವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಓಟಗಾರ ನಿಂತ ಹಲಗೆಯ ತೂತುಗಳಿಂದ ಚಿಮ್ಮುವ ನೀರು ಮೇಲೆ ಕಟ್ಟಿದ ನಿಶಾನೆಯ ಬಟ್ಟೆಗೆ ತಾಗಿತೇ, ಎಷ್ಟು ಕೋಲು ಎತ್ತರಕ್ಕೆ ತಾಗಿತು ಎಂಬುದಷ್ಟೇ ತೀರ್ಪು. ನಾನು ಕಂಡ ನಿಯಮಗಳಲ್ಲಿ ಇಷ್ಟು ಚೆಂದದ್ದು ಇನ್ನೊಂದಿಲ್ಲ.

ಇನ್ನು 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಭಾಗಾಕಾರ ಮಾಡಿ, ನೂರು ಮೀಟರಿಗೆ 9.55 ಸೆಕೆಂಡು, ಉಸೇನ್ ಬೋಲ್ಟ್‌ನ ವಿಶ್ವದಾಖಲೆ 9.58ಕ್ಕಿಂತ ಮುಂದೆ ಎಂದು ಕುಣಿಯಿತು. ಕೇಂದ್ರ ಸಚಿವರು ಟ್ರ್ಯಾಕಿನಲ್ಲಿ ಪರೀಕ್ಷೆಗೆ ಕರೆದರು, ಗೌಡರು ಒಪ್ಪಲಿಲ್ಲ. ಅವರು ಮಾಡಿದ್ದೇ ಸರಿ. ಕೋಣ ಎಳೆಯುವಾಗ ಕೆಸರಿನಲ್ಲಿ ಹಿಮ್ಮಡಿಯೂರಿ ಓಡುವ ವಿದ್ಯೆಯೇ ಬೇರೆ, ಮುಂಗಾಲಿನ ಮೇಲೆ ಒಬ್ಬನೇ ಓಡುವ ವಿದ್ಯೆಯೇ ಬೇರೆ. ಹೋಲಿಸಿದವರಿಗೆ ಎರಡೂ ಗೊತ್ತಿರಲಿಲ್ಲ.

ನೀವೇ ಆಡಿ ನೋಡಲು ಒಂದು ಬೇಕಿದ್ದರೆ ಚೆಸ್ ಬಾಕ್ಸಿಂಗ್. ಒಂದು ಕಾಮಿಕ್ಸ್ ಪುಸ್ತಕದಲ್ಲಿದ್ದ ಕಲ್ಪನೆಯನ್ನು ಡಚ್ ಕಲಾವಿದ ಈಪೆ ರುಬಿಂಗ್ 2003ರಲ್ಲಿ ನಿಜವಾದ ಪಂದ್ಯವಾಗಿಸಿದ. ಒಂದು ಸುತ್ತು ಚೆಸ್, ಒಂದು ಸುತ್ತು ಗುದ್ದಾಟ, ಹೀಗೆ ಹನ್ನೊಂದು ಸುತ್ತು. ಚೆಕ್‌ಮೇಟ್ ಆದರೂ ಸೋಲು, ನಾಕೌಟ್ ಆದರೂ ಸೋಲು. ನಮ್ಮ ಮಕ್ಕಳಿಗೆ ನಾನು ಗುದ್ದಾಟದ ಬದಲು ಹಗ್ಗದಾಟ ಇಟ್ಟಿದ್ದೇನೆ: ಮೂರು ನಿಮಿಷ ಹಗ್ಗ ಜಿಗಿದು, ಮೂರು ನಿಮಿಷ ಚೆಸ್, ಮತ್ತೆ ಹಗ್ಗ. ಏದುಸಿರಿನಲ್ಲಿ ಜಾಣ ಮಕ್ಕಳೂ ರಾಣಿಯನ್ನು ಪುಕ್ಕಟೆ ಕೊಟ್ಟು ಕೂರುತ್ತಾರೆ. ಎರಡು ಹಗ್ಗ, ಒಂದು ಚೆಸ್ ಮಣೆ, ಒಂದು ಮೊಬೈಲ್ ಗಡಿಯಾರ ಸಾಕು. ಹಗ್ಗ ಬಿಟ್ಟು ಮಣೆಯ ಮುಂದೆ ಕೂರುವ ಮೊದಲು ನೀರು ಕುಡಿಯಲು ಬಿಡಿ, ಗಡಿಯಾರ ಮಾತ್ರ ನಿಲ್ಲಿಸಬೇಡಿ.