ಅಂಕವಿಲ್ಲದ ಪರೀಕ್ಷೆಯಲ್ಲಿ ಇಂಕಿಪಿಂಕಿ

ಪತ್ರದ ಸಾರ: 2024ರ ಡಿಸೆಂಬರ್ 4ರ 'ಪರಖ್' ಸರ್ವೇಕ್ಷಣೆಯಲ್ಲಿ (ಶಾಲಾ ಮಕ್ಕಳ ಕಲಿಕೆ ಅಳೆಯುವ ರಾಷ್ಟ್ರೀಯ ಸಮೀಕ್ಷೆ) ನಮ್ಮ 9ನೇ ತರಗತಿಯ ಕೆಲವರು ಪ್ರಶ್ನೆ ಓದದೆ ಇಂಕಿಪಿಂಕಿ ಮಾಡಿ ಗುರುತು ಹಾಕಿದರು. ಇದನ್ನು ನೋಡಿ ಜಿಲ್ಲೆಯ ಮಕ್ಕಳಿಗೆ ಏನೂ ಬರಲ್ಲ ಅನ್ನಬಹುದೇ? ಇದಕ್ಕೂ ಅಂಕ ಇಟ್ಟುಬಿಡಲಿ. – ಪ್ರೌಢಶಾಲಾ ಶಿಕ್ಷಕರೊಬ್ಬರು

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಅನುಮಾನ ನ್ಯಾಯವಾದದ್ದೇ. ಪಾಸು-ಫೇಲು ಇಲ್ಲದ ಪರೀಕ್ಷೆಗೆ ಹುಡುಗರು ಯಾಕೆ ತಲೆ ಕೆಡಿಸಿಕೊಳ್ಳಬೇಕು, ಅಲ್ವಾ?

ಇದನ್ನು ದುಡ್ಡು ಕೊಟ್ಟೇ ನೋಡಿದವರಿದ್ದಾರೆ. ಅರ್ಥಶಾಸ್ತ್ರಜ್ಞ ಉರಿ ಗ್ನೀಝಿ ಮತ್ತು ಸಂಗಡಿಗರು ಅಮೆರಿಕ ಮತ್ತು ಶಾಂಘೈನ ಹೈಸ್ಕೂಲು ಮಕ್ಕಳಿಗೆ 25 ಗಣಿತದ ಪ್ರಶ್ನೆ ಕೊಟ್ಟರು. ಅಮೆರಿಕದಲ್ಲಿ ಕೆಲವರ ಕೈಗೆ ಪರೀಕ್ಷೆಗೆ ಸ್ವಲ್ಪ ಮುಂಚೆ 25 ಡಾಲರ್ ಇಟ್ಟು, ತಪ್ಪಾದ ಇಲ್ಲವೇ ಬಿಟ್ಟ ಪ್ರತಿ ಪ್ರಶ್ನೆಗೆ ಒಂದು ಡಾಲರ್ ವಾಪಸ್ ಅಂದರು. ಓದಿಕೊಳ್ಳಲು ಪುರುಸೊತ್ತೇ ಇರಲಿಲ್ಲ. ಆದರೂ ಅವರು ಜಾಸ್ತಿ ಪ್ರಶ್ನೆ ಮುಟ್ಟಿದರು, ಜಾಸ್ತಿ ಸರಿ ಮಾಡಿದರು. ಶಾಂಘೈನಲ್ಲಿ ದುಡ್ಡಿನಿಂದ ಅಂಕ ಏರಲಿಲ್ಲ. ಅವರು ಮೊದಲೇ ಮನಸ್ಸಿಟ್ಟು ಬರೆಯುತ್ತಿದ್ದರು ಅಂತ ಕಾಣುತ್ತದೆ. 2019ರಲ್ಲಿ ಈ ಫಲಿತಾಂಶ ಪ್ರಕಟವಾದ ಮೇಲೆ ದೇಶ-ದೇಶಗಳ ರ‍್ಯಾಂಕ್ ಪಟ್ಟಿಯನ್ನು ನಾನಂತೂ ಅನುಮಾನದಿಂದಲೇ ನೋಡುತ್ತೇನೆ.

ಮನಸ್ಸಿಟ್ಟರೋ ಇಲ್ಲವೋ ತಿಳಿಯುವುದು ಹೇಗೆ? ಮಕ್ಕಳನ್ನೇ ಕೇಳಬಹುದು. ಹಲವು ದೇಶಗಳ 15 ವರ್ಷದ ಮಕ್ಕಳಿಗೆ ಕೊಡುವ ಪಿಸಾ ಪರೀಕ್ಷೆಯಲ್ಲಿ ಕೇಳಿದ್ದಾರೆ: ಹತ್ತಕ್ಕೆ ಎಷ್ಟು ಶ್ರಮ ಹಾಕಿದೆ, ಅಂಕ ಇದ್ದಿದ್ದರೆ ಎಷ್ಟು ಹಾಕುತ್ತಿದ್ದೆ? ಆದರೆ ಇದಕ್ಕೂ ಇಂಕಿಪಿಂಕಿ ಮಾಡಿದರೆ! ಅದಕ್ಕಿಂತ ಗಡಿಯಾರ ವಾಸಿ. ಕಂಪ್ಯೂಟರಿನಲ್ಲಿ ಬರೆಸಿದರೆ ಪ್ರತಿ ಪ್ರಶ್ನೆಗೆ ಹಿಡಿದ ಸಮಯ ದಾಖಲಾಗುತ್ತದೆ. ಐದು ಸಾಲಿನ ಲೆಕ್ಕಕ್ಕೆ ಮೂರು ಸೆಕೆಂಡಿನಲ್ಲಿ ಉತ್ತರ ಬಂದರೆ ಓದಿಲ್ಲ ಅಂತಲೇ. ಸ್ಟೀವನ್ ವೈಸ್ ಮತ್ತು ಶಿಯಾವ್‌ಜಿಂಗ್ ಕಾಂಗ್ ಎಂಬ ಸಂಶೋಧಕರು 2005ರಲ್ಲಿ ಇದನ್ನೇ ಅಳತೆಯಾಗಿ ಮಾಡಿದರು: ಒಟ್ಟು ಪ್ರಶ್ನೆಗಳಲ್ಲಿ ಎಷ್ಟು ಪಾಲಿಗೆ ವಿದ್ಯಾರ್ಥಿ ನಿಜಕ್ಕೂ ಸಮಯ ಕೊಟ್ಟ ಅಂತ.

ನಿಮ್ಮ ಹುಡುಗರು ತುಂಬಿದ ಓಎಂಆರ್ ಹಾಳೆಗೆ ಗಡಿಯಾರವಿಲ್ಲ. ಅಲ್ಲೂ ಒಂದು ಉಪಾಯವಿದೆ. ಒಂದೇ ಪ್ರಶ್ನೆಯನ್ನು ಕೆಲವರಿಗೆ ಮೊದಲಲ್ಲಿ, ಕೆಲವರಿಗೆ ಕೊನೆಯಲ್ಲಿ ಕೊಡುವುದು. ಕೊನೆಗೆ ಬಂದಾಗ ಸರಿಯುತ್ತರ ಕಡಿಮೆಯಾದರೆ ಸುಸ್ತೋ ಬೇಜಾರೋ ಆಗಿದೆ ಎಂದೇ ಲೆಕ್ಕ.

ಹಾಗಂತ ಬೇಕಾಬಿಟ್ಟಿ ಬರೆದವರ ಹಾಳೆಗಳನ್ನೇ ಕೈಬಿಡಿ ಅನ್ನಲಾರೆ. ಪ್ರಶ್ನೆಯೇ ಅರ್ಥವಾಗದ ಮಗುವೂ ಬೇಗ ಕೈಚೆಲ್ಲುತ್ತದೆ. ಅಂಥವರನ್ನು ತೆಗೆದರೆ ಸರಾಸರಿ ಸುಮ್ನೆ ಉಬ್ಬುತ್ತದೆ, ನೆರವು ಬೇಕಾದ ಮಗು ಲೆಕ್ಕದಿಂದಲೇ ಜಾರಿಹೋಗುತ್ತದೆ.

ಅಂಕ ಇಡುವುದು ಮಾತ್ರ ಬೇಡ, ಮೇಷ್ಟ್ರೇ. ಅದರ ಹಿಂದೆಯೇ ಕಾಪಿ ಬರುತ್ತದೆ, ಟ್ಯೂಷನ್ ಬರುತ್ತದೆ. ಮುಂದಿನ ಸಲ ಇದನ್ನು ಯಾಕೆ ಬರೆಸುತ್ತಿದ್ದಾರೆ ಅಂತ ಮೊದಲೇ ಹುಡುಗರಿಗೆ ಹೇಳಿ. ಮುಗಿದ ಮೇಲೆ ಹೆಸರು ಬರೆಯದ ಚೀಟಿಯಲ್ಲಿ, ಎಷ್ಟು ಪ್ರಶ್ನೆ ಓದಿ ಬರೆದಿರಿ ಅಂತ ಕೇಳಿ. ಬಂದ ಉತ್ತರ ನಮಗೂ ಕಳಿಸಿ, ಪ್ರಕಟಿಸುತ್ತೇವೆ.