ಲಂಗರು ಹಾಕುವ ಹೊತ್ತಿನ ಜಗಳ

"ಮೇಡಂ, ನನಗೆ ಸಮುದ್ರದ ಭಯ ಹೋಗಬೇಕು. ಅಷ್ಟು ಮಾಡಿಕೊಡಿ, ಸಾಕು." ಮೊದಲ ಭೇಟಿಯಲ್ಲಿ ಆಕೆ ಕೇಳಿದ್ದು ಇಷ್ಟೇ.

ಆಕೆಗೆ 54, ಗಂಡನಿಗೆ 59. ಇಬ್ಬರೂ ಮಲೆನಾಡಿನ ಕಡೆಯವರು. ಕ್ಯಾಲಿಫೋರ್ನಿಯಾದಲ್ಲಿ ಇಪ್ಪತ್ತೈದು ವರ್ಷ ಸಂಸಾರ ಮಾಡಿದ್ದಾರೆ. ಮಗಳು ಕೆಲಸಕ್ಕೆ ಸೇರಿದ ಮೇಲೆ ಗಂಡ ನೌಕರಿ ಬಿಟ್ಟು 32 ಅಡಿಯ ಹಾಯಿದೋಣಿ ಕೊಂಡರು. ನವೆಂಬರ್ ಶುರುವಿನಲ್ಲಿ ಸ್ಯಾನ್ ಡಿಯಾಗೋದಿಂದ ಹೊರಟು, ಮೆಕ್ಸಿಕೋದ ಬಾಹಾ ಕರಾವಳಿ ಹಿಡಿದು ಕಾಬೋ ಸಾನ್ ಲೂಕಾಸ್ ಮುಟ್ಟಿದರು. ಅದೇ ಸುಮಾರು 750 ನಾಟಿಕಲ್ ಮೈಲಿ, ಅಂದರೆ 1,400 ಕಿಲೋಮೀಟರ್ ಹತ್ತಿರ. ಅಲ್ಲಿಂದ ತುದಿ ಸುತ್ತಿಕೊಂಡು ಲಾ ಪಾಸ್ ಊರಿಗೆ ಬಂದಿದ್ದರು. ಆಪ್ತಸಮಾಲೋಚಕಿಯಾದ ನನ್ನನ್ನು ವಿಡಿಯೋ ಕರೆಯಲ್ಲಿ ಸಂಪರ್ಕಿಸಿದ್ದು ಅಲ್ಲಿಂದ, ಜನವರಿಯಲ್ಲಿ. ಕನ್ನಡದಲ್ಲೇ ಮಾತಾಡಬೇಕು ಅನ್ನುವುದು ಆಕೆಯ ಆಸೆ. ನನಗೆ ಬೆಳಗ್ಗೆ ಏಳೂವರೆ, ಅವರಿಗೆ ಹಿಂದಿನ ದಿನದ ಸಂಜೆ ಏಳು. ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಎರಡು ಭೇಟಿಯಲ್ಲಿ ನಾನು ತಪ್ಪು ಮಾಡಿದೆ. ಆಕೆ ಭಯ ಅಂದರು, ನಾನು ಭಯಕ್ಕೇ ಮದ್ದು ಕೊಟ್ಟೆ. ಉಸಿರಾಟ ನಿಧಾನ ಮಾಡುವುದು, ಕಾಲಡಿಯ ನೆಲದ ಮೇಲೆ ಗಮನ ಇಡುವುದು, ಇಂಥವು. ಆಕೆ ಎಲ್ಲವನ್ನೂ ಶ್ರದ್ಧೆಯಿಂದ ಮಾಡಿದರು. ಏನೂ ಬದಲಾಗಲಿಲ್ಲ. ಮೂರನೇ ಸಲ ಬೇರೆ ಪ್ರಶ್ನೆ ಕೇಳಿದೆ: "ಭಯ ಸರಿಯಾಗಿ ಯಾವ ಗಳಿಗೆಯಲ್ಲಿ ಶುರುವಾಗುತ್ತೆ?"

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ ಮಾತು ಕೇಳಿ ನಾನೇ ಬೆರಗಾದೆ. ನಡು ಸಮುದ್ರದಲ್ಲಿ ಆಕೆಗೆ ಭಯವೇ ಇಲ್ಲ! ರಾತ್ರಿ ಮೂರು ಮೂರು ಗಂಟೆಗೊಬ್ಬರಂತೆ ಸರದಿಯಲ್ಲಿ ಎಚ್ಚರ ಇರುತ್ತಾರಲ್ಲ, ಆ ಹೊತ್ತು ಆಕೆಗೆ ತುಂಬ ಇಷ್ಟ. ದೋಣಿಯ ಹಿಂದೆ ನೀರು ಹಸಿರು ಬೆಳಕಾಗಿ ಮಿನುಗುತ್ತದಂತೆ. ಒಮ್ಮೆ ಡಾಲ್ಫಿನ್‌ಗಳು ಪಕ್ಕದಲ್ಲೇ ಈಜಿದಾಗ ಕತ್ತಲಲ್ಲಿ ಬೆಳಕಿನ ಗೆರೆ ಎಳೆದ ಹಾಗೆ ಕಂಡಿತಂತೆ. ಭಯ ಶುರುವಾಗುವುದು ದಡ ಹತ್ತಿರ ಬಂದಾಗ. ಹಾಯಿ ಇಳಿಸಿ, ಇಂಜಿನ್ ಹಾಕಿ, ಲಂಗರು ಬಿಡುವ ಹೊತ್ತಿನಲ್ಲಿ.

ಹಾಗಾದರೆ ಅದು ಸಮುದ್ರದ ಭಯ ಅಲ್ಲ, ಅಲ್ವಾ?

ಡಿಸೆಂಬರಿನ ಒಂದು ಸಂಜೆಯನ್ನು ಆಕೆ ವಿವರಿಸಿದರು. ಲಾ ಪಾಸ್ ಹತ್ತಿರದ ಎಸ್ಪಿರಿತು ಸಾಂತೋ ದ್ವೀಪದ ಒಂದು ಕೊಲ್ಲಿ. ಚಳಿಗಾಲದಲ್ಲಿ ಆ ಕಡೆ ಉತ್ತರದ ಗಾಳಿ ಎದ್ದರೆ ದಿನಗಟ್ಟಲೆ ಬೀಸುತ್ತದೆ. ಗಂಡ ಹಿಂದೆ ಚುಕ್ಕಾಣಿ ಹಿಡಿದಿದ್ದರು. ಆಕೆ ದೋಣಿಯ ಮುಂತುದಿಯಲ್ಲಿ ಮಂಡಿಯೂರಿ ಸರಪಳಿ ಬಿಡುತ್ತಿದ್ದರು. ನಡುವೆ ಮೂವತ್ತು ಅಡಿ, ಗಾಳಿ, ಇಂಜಿನ್ ಸದ್ದು. ಗಂಡ "ಬಿಡು" ಎಂದು ಕೂಗುತ್ತಾರೆ, "ಬಿಡ್ಬೇಡ" ಎಂದೂ ಕೂಗುತ್ತಾರೆ. ಗಾಳಿಯಲ್ಲಿ ಆಕೆಗೆ ಕೇಳಿಸಿದ್ದು ಎರಡೂ ಸಲ "ಬಿಡ್" ಅಷ್ಟೇ. ಬಿಟ್ಟರು. ಸರಪಳಿ ದಡದಡ ಓಡಿತು, ಕಿರುಬೆರಳು ಸಿಕ್ಕಿ ಉಗುರು ಕಿತ್ತು ಬಂತು. ಗಂಡ ಓಡಿ ಬಂದು ಸರಪಳಿ ಕಿತ್ತುಕೊಂಡು ಹೇಳಿದ್ದು ಒಂದೇ ಮಾತು: "ನೀನು ಒಳಗೆ ಹೋಗು." ಅಕ್ಕಪಕ್ಕದ ದೋಣಿಗಳವರು ನೋಡುತ್ತಿದ್ದರು.

ಆಕೆ ಒಳಗೆ ಹೋದರು. ಮೂರು ದಿನ ಗಾಳಿ ನಿಲ್ಲಲಿಲ್ಲ. ಮೂರು ದಿನವೂ ಇಬ್ಬರೂ ಅಲ್ಲೇ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಆದರೆ ಮನೆಯಲ್ಲಾದರೆ ಇನ್ನೊಂದು ಕೋಣೆ ಇರುತ್ತೆ, ಬೀದಿ ಇರುತ್ತೆ, ಪಕ್ಕದ ಮನೆ ಇರುತ್ತೆ. ಅಲ್ಲಿ ಎರಡು ಹೆಜ್ಜೆ ಇಟ್ಟರೆ ಗಂಡನ ಮೊಣಕಾಲು ತಾಗುತ್ತದೆ.

ಇಲ್ಲಿ ನಾನು ಒಂದು ವಿಷಯ ಖಚಿತ ಮಾಡಿಕೊಳ್ಳಬೇಕಿತ್ತು. ದೋಣಿಯಲ್ಲಿ ಗುಟ್ಟಾಗಿ ಮಾತಾಡಲು ಜಾಗವಿಲ್ಲ. ಹಾಗಾಗಿ ಮುಂದಿನ ಸಲ ಡಿಂಗಿ ಎಂಬ ಪುಟ್ಟ ದೋಣಿಯಲ್ಲಿ ದಡಕ್ಕೆ ಹೋಗಿ ಒಬ್ಬರೇ ಮಾತಾಡಿ ಎಂದೆ. ಲಾ ಪಾಸ್‌ನ ಮಾಲೆಕೋನ್, ಅಂದರೆ ಕಡಲಂಚಿನ ರಸ್ತೆಯ ಒಂದು ಕಾಫಿ ಅಂಗಡಿಯಿಂದ ಕರೆ ಮಾಡಿದರು. ಕೈ ಮಾಡುತ್ತಾರಾ, ದುಡ್ಡು ಪಾಸ್‌ಪೋರ್ಟ್ ಯಾರ ಹತ್ತಿರ ಇದೆ, ಇಳಿದು ಹೋಗಬೇಕು ಅಂದರೆ ಹೋಗಬಹುದಾ, ಎಲ್ಲ ನೇರವಾಗಿ ಕೇಳಿದೆ. ಹಿಂಸೆ ಇರಲಿಲ್ಲ. ಇದ್ದಿದ್ದರೆ ನನ್ನ ಸಲಹೆ ಪೂರ್ತಿ ಬೇರೆಯೇ ಆಗುತ್ತಿತ್ತು.

ಅಂದು ಆಕೆ ಇನ್ನೊಂದು ಮಾತು ಹೇಳಿದರು. "ಅವರು ನೀರಿಗೆ ಬಿದ್ದರೆ ನನ್ನ ಕೈಲಿ ಏನೂ ಆಗಲ್ಲ ಮೇಡಂ. ದೋಣಿ ತಿರುಗಿಸೋಕೂ ಬರಲ್ಲ. ನಾನು ಸಾಮಾನಿನ ಥರ ಇದ್ದೀನಿ." ರಾತ್ರಿ ಕಾವಲಿಗೆ ಕೂತಾಗಲೂ ದೋಣಿ ನಡೆಸುವುದು ಆಟೋಪೈಲಟ್. ಏನಾದರೂ ಕಂಡರೆ ಗಂಡನನ್ನು ಎಬ್ಬಿಸುವುದಷ್ಟೇ ಆಕೆಯ ಕೆಲಸ.

ಗಂಡನ ಜೊತೆಗೂ ಬೇರೆಯಾಗಿ ಮಾತಾಡಿದೆ. ಅವರ ಕಣ್ಣು ಕೆಂಪಾಗಿತ್ತು. ಲಂಗರು ಜಾರಿದರೆ ಎಂಬ ಯೋಚನೆಯಲ್ಲಿ ರಾತ್ರಿ ನಾಲ್ಕೈದು ಸಲ ಏಳುತ್ತಾರಂತೆ. "ಇವಳಿಗೆ ಏನಾದ್ರೂ ಆದ್ರೆ ಮಗಳಿಗೆ ಏನು ಹೇಳಲಿ?" ಅಂದರು. ಕೂಗುವುದು ಕೋಪದಿಂದ ಅಂತ ಆಕೆ ತಿಳಿದಿದ್ದರು. ನನಗೆ ಕಂಡಿದ್ದು ನಿದ್ದೆಗೆಟ್ಟ, ಹೆದರಿದ ಮನುಷ್ಯ. ಹಾಗಂತ ಕೂಗಿದ್ದು ಸರಿ ಅಂತಲ್ಲ. ಅದನ್ನು ಅವರಿಗೆ ಬಿಡಿಸಿ ಹೇಳಿದೆ.

ನಾನು ಕೊಟ್ಟ ಮುಖ್ಯ ಸಲಹೆ ಜಾಗ ಬದಲಿಸಿಕೊಳ್ಳಿ ಅನ್ನುವುದು. ಸರಪಳಿ, ಲಂಗರು ಭಾರದ ಕೆಲಸ; ಜಾಸ್ತಿ ಶಕ್ತಿ ಇರುವವರು ಮುಂದೆ ಹೋಗಲಿ. ಚುಕ್ಕಾಣಿಗೆ ಬೇಕಿರುವುದು ತಾಳ್ಮೆ. ಇದು ನನ್ನ ಸ್ವಂತ ಬುದ್ಧಿ ಅಲ್ಲ, ಅನುಭವ ಇರುವ ಎಷ್ಟೋ ನಾವಿಕ ದಂಪತಿಗಳು ಹೀಗೇ ಮಾಡುತ್ತಾರೆ. ಕೂಗಾಟ ಪೂರ್ತಿ ನಿಲ್ಲಲಿ ಎಂದು ಕೈಸನ್ನೆ ಗೊತ್ತು ಮಾಡಿಕೊಳ್ಳಲು ಹೇಳಿದೆ: ಬೆರಳು ತೋರಿಸಿದ ಕಡೆ ತಿರುಗಿಸು, ಮುಷ್ಟಿ ಹಿಡಿದರೆ ನಿಲ್ಲಿಸು. ತಲೆಗೆ ಹಾಕಿಕೊಂಡು ಮೆಲ್ಲಗೆ ಮಾತಾಡುವ ಹೆಡ್‌ಸೆಟ್ ಸಿಗುತ್ತವೆ. ದೋಣಿಯವರು ಅವನ್ನು ಮದುವೆ ಉಳಿಸುವ ಯಂತ್ರ ಅಂತಲೇ ಕರೆಯುತ್ತಾರೆ. ಒಂದು ಜೊತೆ ತರಿಸಿಕೊಂಡರು.

ಗಂಡ ಒಪ್ಪಲು ಮೂರು ವಾರ ಹಿಡಿಯಿತು. "ಬಂಡೆಗೆ ಹೊಡೆದರೆ?" ಅಂದರು. ಬಂಡೆಯೇ ಇಲ್ಲದ ಕಡೆ, ಗಾಳಿ ಇಲ್ಲದ ಬೆಳಗ್ಗೆ ಶುರು ಮಾಡಿ ಎಂದೆ. ದಿನಕ್ಕೆ ಐದು ಸಲ ಲಂಗರು ಹಾಕಿ ಎತ್ತಿದರು. ಐದು ಮೀಟರ್ ಆಳ ಇದ್ದರೆ ಇಪ್ಪತ್ತೈದು ಮೀಟರಾದರೂ ಸರಪಳಿ ಬೇಕು, ಗಾಳಿ ಜೋರಿದ್ದರೆ ಮೂವತ್ತೈದು. ಈ ಲೆಕ್ಕ ಹಾಕುವುದೂ ಆಕೆಯ ಕೆಲಸವಾಯಿತು. ಆಮೇಲೆ ದೋಣಿಯ ಬದಿಗೆ ತೂಗುಹಾಕುವ ಗಾಳಿಚೀಲವಾದ ಫೆಂಡರ್‌ಗೆ ಬಕೆಟ್ ಕಟ್ಟಿ ನೀರಿಗೆ ಎಸೆದು, ಮನುಷ್ಯ ಬಿದ್ದಿದ್ದಾನೆ ಅಂದುಕೊಂಡು ಹಿಂದಿರುಗಿ ಎತ್ತುವ ಅಭ್ಯಾಸ. ಗಂಡ ಬಾಯಿ ಬಿಡದೆ ಕೂರಬೇಕು ಎಂಬುದು ಷರತ್ತು. ಮೊದಲ ದಿನ ಆರು ಸಲ ತಪ್ಪಿತು, ಏಳನೇ ಸಲ ಬಕೆಟ್ ಆಕೆಯ ಕೈಗೆ ಸಿಕ್ಕಿತು. ರೇಡಿಯೋದಲ್ಲಿ 16ನೇ ಚಾನೆಲ್‌ನಲ್ಲಿ ಸಹಾಯ ಕೇಳುವುದನ್ನು ಬಾಯಿಪಾಠ ಮಾಡಿದರು. ಬೆಳಗ್ಗೆ 22ನೇ ಚಾನೆಲ್‌ನಲ್ಲಿ ಲಾ ಪಾಸ್‌ನ ದೋಣಿಯವರೆಲ್ಲ ಹವಾಮಾನ, ಸುದ್ದಿ ಹಂಚಿಕೊಳ್ಳುತ್ತಾರೆ. ಅದರಿಂದ ಆಕೆಗೆ ಗೆಳತಿಯರೂ ಸಿಕ್ಕರು.

ಇನ್ನೊಂದು ನಿಯಮ ಇಟ್ಟೆ. ಇಬ್ಬರಲ್ಲಿ ಯಾರೇ "ಬೇಡ" ಅಂದರೂ ಆ ದಿನ ಹೊರಡುವಂತಿಲ್ಲ, ವಾದ ಮಾಡುವಂತಿಲ್ಲ. "ಒಳಗೆ ಹೋಗು" ಎಂಬ ಮಾತು ದೋಣಿಯಿಂದಲೇ ಹೊರಗೆ.

ಮೊದಲ "ಬೇಡ" ಏಪ್ರಿಲ್‌ನಲ್ಲಿ ಬಂತು, ಅದೂ ದೊಡ್ಡದೇ. ಆ ಕರಾವಳಿಗೆ ಚಂಡಮಾರುತದ ಕಾಲ ಮೇ ಮಧ್ಯದಿಂದ ನವೆಂಬರ್ ಕೊನೆಯವರೆಗೆ. ಬಾಹಾ ಮತ್ತು ಮೆಕ್ಸಿಕೋದ ಮುಖ್ಯ ಭೂಭಾಗದ ನಡುವಿನ ಕ್ಯಾಲಿಫೋರ್ನಿಯಾ ಕೊಲ್ಲಿಯ ಉತ್ತರಕ್ಕೆ ಹೋಗಿ ದೋಣಿಯಲ್ಲೇ ಬೇಸಿಗೆ ಕಳೆಯೋಣ ಎಂದು ಗಂಡ. 2014ರ ಸೆಪ್ಟೆಂಬರ್‌ನಲ್ಲಿ ಒಡೀಲ್ ಚಂಡಮಾರುತ ಲಾ ಪಾಸ್‌ನಲ್ಲಿ ಎಷ್ಟೋ ದೋಣಿಗಳನ್ನು ಪುಡಿ ಮಾಡಿತ್ತು. ಅದನ್ನು ಕಂಡವರ ಬಾಯಿಂದಲೇ ಆಕೆ ಕೇಳಿದ್ದರು. ಬೇಡ ಅಂದರು. ಗಂಡ ಎರಡು ದಿನ ಮುಖ ಊದಿಸಿಕೊಂಡಿದ್ದು, ಆಮೇಲೆ ಒಪ್ಪಿದರು. ದೋಣಿಯನ್ನು ಕೊಲ್ಲಿಯ ಆಚೆ ದಡದ ಗ್ವಾಯ್ಮಾಸ್‌ನಲ್ಲಿ ದಡಕ್ಕೆ ಎತ್ತಿಸಿದರು. ಆಕೆ ಬೇಸಿಗೆ ಪೂರ್ತಿ ಶಿವಮೊಗ್ಗ ಕಡೆ ತಾಯಿಯ ಜೊತೆ ಇದ್ದರು. ಸ್ವಲ್ಪ ದಿನ ದೂರ ಇರಿ ಎಂದು ಹೇಳಿದವಳು ನಾನೇ. ಇಪ್ಪತ್ತನಾಲ್ಕು ಗಂಟೆ ಒಟ್ಟಿಗಿದ್ದವರಿಗೆ ಅದು ಬೇಕಿತ್ತು.

ಮುಂದಿನ ಸೀಸನ್‌ನಲ್ಲಿ ಲಾ ಪಾಸ್‌ನಿಂದ ಮಜಾತ್ಲಾನ್‌ಗೆ ಕೊಲ್ಲಿ ದಾಟುವಾಗ ನಾಯಕಿ ಆಕೆಯೇ. ಎರಡು ರಾತ್ರಿಯ ದಾರಿ. ಯಾವಾಗ ಹೊರಡಬೇಕು, ಎಷ್ಟು ಹಾಯಿ ಬಿಚ್ಚಬೇಕು, ಎಲ್ಲ ಆಕೆಯ ತೀರ್ಮಾನ. ತನ್ನ ಸರದಿ ಮುಗಿದ ಮೇಲೆ ಗಂಡ ಐದು ಗಂಟೆ ಒಂದೇ ಸಮ ನಿದ್ದೆ ಮಾಡಿದರಂತೆ. ಆಕೆ ಎಬ್ಬಿಸಲಿಲ್ಲ.

ಕೊನೆಯ ಭೇಟಿಯಲ್ಲಿ ಇಬ್ಬರೂ ಒಟ್ಟಿಗೆ ಕೂತಿದ್ದರು. ಇನ್ನೂ ದಕ್ಷಿಣದ ಬಾಂದೇರಾಸ್ ಕೊಲ್ಲಿಯಲ್ಲಿದ್ದರು, ಹತ್ತಿರದಲ್ಲೇ ಹಂಪ್‌ಬ್ಯಾಕ್ ತಿಮಿಂಗಿಲಗಳು ಕಂಡವು ಅಂದರು. ಅಲ್ಲಿಂದ ವಸಂತದಲ್ಲಿ ಕೆಲವು ದೋಣಿಗಳು ಪೆಸಿಫಿಕ್‌ನಲ್ಲಿ ಸಾಗಿ ಫ್ರೆಂಚ್ ಪಾಲಿನೇಷ್ಯದ ಮಾರ್ಕೇಸಾಸ್ ದ್ವೀಪಗಳಿಗೆ ಹೊರಡುತ್ತವೆ. ಸುಮಾರು 2,800 ನಾಟಿಕಲ್ ಮೈಲಿ, ಮೂರು ನಾಲ್ಕು ವಾರ ನೀರು ಬಿಟ್ಟರೆ ಬೇರೇನಿಲ್ಲ. ಗಂಡನಿಗೆ ಅದೇ ಕನಸು. ಆಕೆ ಈ ವರ್ಷ ಬೇಡ ಅಂದಿದ್ದಾರೆ. "ಮುಂದಿನ ವರ್ಷ?" ಎಂದು ನಾನು ಕೇಳಿದೆ.

ಗಂಡ ಆಕೆಯ ಕಡೆ ನೋಡಿದರು. "ಹವಾಮಾನ ನೋಡಿ ಹೇಳ್ತೀನಿ" ಅಂದರು ಆಕೆ.