ನಾಯಕ ಬಾಯಿ ಬಿಟ್ಟರೆ ಆ ಮಾತು ಯಾರದ್ದು?

ಪ್ರಶ್ನೆ: ನಾಯಕ ಮಾತಾಡದ ಫಾಲ್‌ಔಟ್ ನ್ಯೂ ವೇಗಸ್ ಎಂಬ ವಿಡಿಯೋ ಗೇಮ್ ಎರಡು ಸಲ ಆಡಿ ಮುಗಿಸಿದ ಮೇಲೆ ಫಾಲ್‌ಔಟ್ 4 ಶುರು ಮಾಡಿದೆ. ಇದರಲ್ಲಿ ನಾಯಕನಿಗೆ ದನಿ ಇದೆ. ನಟನೆಯೂ ಚೆನ್ನಾಗಿದೆ. ಆದರೂ ಅವನು ಬಾಯಿ ಬಿಟ್ಟಾಗಲೆಲ್ಲ 'ಇವನು ನಾನಲ್ಲ, ಬೇರೆ ಯಾರೋ' ಅನ್ನಿಸುತ್ತದೆ. ನನ್ನ ತಮ್ಮನದ್ದು ಉಲ್ಟಾ ವಾದ. ಮಾತಾಡದ ನಾಯಕ ಅಂದರೆ ಅವನಿಗೆ ಗೋಡೆ ಜೊತೆ ಆಡಿದ ಹಾಗಂತೆ. ಇಬ್ಬರಲ್ಲಿ ಯಾರು ಸರಿ?

ಉತ್ತರ: ಇಬ್ಬರೂ ಸರಿ ಅಂತ ಹೇಳಿ ಜಾರಿಕೊಳ್ಳಬಹುದು. ಆದರೆ ನಿಮ್ಮ ಬೇಸರಕ್ಕೆ ಕಾರಣ ದನಿಯೇ ಅಲ್ಲ ಅಂತ ನನ್ನ ಅನುಮಾನ.

ನ್ಯೂ ವೇಗಸ್‌ನಲ್ಲಿ ಏನಾಗುತ್ತಿತ್ತು ನೆನಪಿಸಿಕೊಳ್ಳಿ. ಎದುರಿನವರು ಮಾತು ನಿಲ್ಲಿಸುತ್ತಾರೆ. ನಿಮ್ಮ ಉತ್ತರಗಳ ಪಟ್ಟಿ ಬರುತ್ತದೆ, ಪೂರ್ತಿ ವಾಕ್ಯಗಳಲ್ಲಿ. ನೀವು ಒಂದೊಂದನ್ನೇ ಓದುತ್ತೀರಿ. ಓದುವಾಗಲೇ ತಲೆಯೊಳಗೆ ಅದನ್ನು ಹೇಳಿ ನೋಡುತ್ತೀರಿ, ಇದನ್ನು ಸ್ವಲ್ಪ ಕೊಂಕಾಗಿ, ಅದನ್ನು ಸ್ವಲ್ಪ ಸುಸ್ತಾದವರ ಹಾಗೆ. ಬಟನ್ ಒತ್ತುವ ಹೊತ್ತಿಗೆ ಆ ಮಾತು ನಿಮ್ಮೊಳಗೆ ಆಡಿ ಆಗಿರುತ್ತದೆ. ಅದನ್ನು ಗೇಮ್ ಇನ್ನೊಂದು ಸಲ ಹೇಳಬೇಕಾಗಿಲ್ಲ.

2015ರಲ್ಲಿ ಬಂದ ಫಾಲ್‌ಔಟ್ 4ರಲ್ಲಿ ಇದೇ ಜಾಗ ಕೆಟ್ಟಿತು. ನಾಲ್ಕು ಬಟನ್, ನಾಲ್ಕು ಉತ್ತರ. ಪ್ರತಿ ಉತ್ತರಕ್ಕೂ ಒಂದೆರಡು ಪದಗಳ ಸುಳಿವು ಅಷ್ಟೇ. ಕೆಲವು ಕಡೆ ಬರೀ 'ವ್ಯಂಗ್ಯ' ಅಂತ ಇರುತ್ತದೆ. ಎಂಥ ವ್ಯಂಗ್ಯ? ಸ್ನೇಹಿತರ ನಡುವಿನ ಕಾಲೆಳೆಯುವ ಮಾತೋ, ಮುಖಕ್ಕೆ ಹೊಡೆದ ಹಾಗೆ ಆಡುವ ಮಾತೋ? ಒತ್ತಿದ ಮೇಲೆಯೇ ಗೊತ್ತಾಗುವುದು. ಅಂದರೆ ನಿಮ್ಮ ಮಾತನ್ನು ನಟ ಮೊದಲು ಓದಿದ್ದಾನೆ, ನೀವು ಆಮೇಲೆ ಕೇಳುತ್ತಿದ್ದೀರಿ. 'ಇವನು ಬೇರೆ ಯಾರೋ' ಅನ್ನಿಸುವುದು ಇಲ್ಲಿಂದ.

ಇದಕ್ಕೆ ಆಟಗಾರರೇ ಮದ್ದು ಹುಡುಕಿದರು. ನಾಯಕ ಹೇಳಲಿರುವ ಸಾಲನ್ನು ಮೊದಲೇ ಪೂರ್ತಿ ತೋರಿಸುವ ಮಾಡ್ (ಆಟಗಾರರೇ ಮಾಡಿ ಗೇಮ್‌ಗೆ ಸೇರಿಸುವ ಮಾರ್ಪಾಡು) ಬಂತು. ಅದು ದನಿಯನ್ನು ಮುಟ್ಟುವುದಿಲ್ಲ. ಪಿಸಿಯಲ್ಲಿ ಆಡುತ್ತಿದ್ದರೆ ಹಾಕಿ ನೋಡಿ. ಅರ್ಧ ಕಿರಿಕಿರಿ ಅಲ್ಲಿಗೆ ಹೋಗುತ್ತದೆ.

ಉಳಿದ ಅರ್ಧ ಹೋಗುವುದಿಲ್ಲ. ಯಾಕೆಂದರೆ ಈ ಗೇಮ್‌ಗೆ ಎರಡು ಮನಸ್ಸು. ಮೊದಲು ಕನ್ನಡಿ ಮುಂದೆ ನಿಲ್ಲಿಸಿ ಮೂಗು, ದವಡೆ, ಗಾಯದ ಕಲೆ ಎಲ್ಲವನ್ನೂ ನಿಮ್ಮ ಕೈಗೆ ಕೊಡುತ್ತದೆ. ನೀವು ಇಟ್ಟುಕೊಂಡ ಹೆಸರನ್ನು ಕಾಡ್ಸ್‌ವರ್ತ್ ಎಂಬ ರೋಬೋಟ್ ಬಾಯಿಬಿಟ್ಟು ಕರೆಯಲಿ ಅಂತ ಸುಮಾರು 1,000 ಹೆಸರುಗಳನ್ನು ರೆಕಾರ್ಡ್ ಮಾಡಿಸಿದ್ದಾರೆ. ಇಷ್ಟೆಲ್ಲ ಆದ ಮೇಲೆ ನಿಮಗೆ ಮದುವೆ ಆಗಿದೆ, ಮಗು ಇದೆ, ಗಂಡಾದರೆ ಸೈನ್ಯದಲ್ಲಿದ್ದವನು, ಹೆಣ್ಣಾದರೆ ಕಾನೂನು ಓದಿದವಳು ಅಂತ ಎಲ್ಲವನ್ನೂ ಅದೇ ತೀರ್ಮಾನ ಮಾಡಿಬಿಡುತ್ತದೆ. ಮುಖ ನಿಮ್ಮದು, ಬದುಕು ಇನ್ನೊಬ್ಬರದು.

ಈಗ ನಿಮ್ಮ ತಮ್ಮನ ಕಡೆಗೆ ಬರೋಣ. ಅವನಿಗೆ ವಿಚರ್ 3 ಕೊಡಿ. ಅದರ ನಾಯಕ ಗೆರಾಲ್ಟ್ ಕಾದಂಬರಿಗಳಿಂದ ಬಂದ ಪಾತ್ರ. ಅವನಿಗೆ ನಮಗಿಂತ ಮೊದಲೇ ಒಂದು ಬದುಕಿದೆ, ಹಳೇ ಪ್ರೀತಿಗಳಿವೆ, ಮಗಳ ಥರ ಸಾಕಿದ ಹುಡುಗಿ ಇದ್ದಾಳೆ. ಡಗ್ ಕಾಕಲ್ ಅವರ ಆ ಗೊಗ್ಗರು ದನಿ ಇಲ್ಲದ ಗೆರಾಲ್ಟ್‌ನನ್ನು ನಾನಂತೂ ಊಹಿಸಿಕೊಳ್ಳಲಾರೆ. ಅವನ ಒಂದು 'ಹ್ಞೂಂ'ನಲ್ಲೇ ಒಂದು ಪುಟದಷ್ಟು ಅರ್ಥ ಇರುತ್ತದೆ. ಇಲ್ಲಿ ನೀವು ಗೆರಾಲ್ಟ್ ಆಗುವುದಿಲ್ಲ. ಅವನ ಹೆಗಲ ಮೇಲೆ ಕೂತು ಆಗಾಗ ಕಿವಿಯಲ್ಲಿ ಒಂದು ಸಲಹೆ ಹೇಳುತ್ತೀರಿ, ಅಷ್ಟೇ.

2007ರ ಮಾಸ್ ಎಫೆಕ್ಟ್ ಕೂಡ ಹಾಗೇ. ಅಲ್ಲೂ ಪೂರ್ತಿ ಸಾಲಿನ ಬದಲು ಚಕ್ರದ ಹಾಗೆ ಜೋಡಿಸಿದ ಸುಳಿವುಗಳೇ ಇದ್ದದ್ದು, ಆದರೂ ಅದು ಗೆದ್ದಿತು. ಮೇಲಿನ ಉತ್ತರ ಸೌಮ್ಯ, ಕೆಳಗಿನದು ಒರಟು, ಜಾಗ ಬದಲಾಗುವುದಿಲ್ಲ. ನೀವು ಮಾತು ಆರಿಸುತ್ತಿಲ್ಲ, ಧೋರಣೆ ಆರಿಸುತ್ತಿದ್ದೀರಿ. ಎದುರಿನವರ ಮಾತು ಮುಗಿಯುವ ಮುಂಚೆಯೇ ಆರಿಸಿಬಿಡಬಹುದು, ಹಾಗಾಗಿ ಸಂಭಾಷಣೆ ಎಲ್ಲೂ ತಡೆಯುವುದಿಲ್ಲ. ಅದರ ನಾಯಕ ಶೆಪರ್ಡ್ ಒಬ್ಬ ಕಮಾಂಡರ್ ಅಂತ ಮೊದಲೇ ಗೊತ್ತು. ಜೆನಿಫರ್ ಹೇಲ್ ಹೆಣ್ಣು ಶೆಪರ್ಡ್‌ಗೆ ದನಿ ಕೊಟ್ಟ ರೀತಿ ಕೇಳಿದವರು ಮತ್ತೆ ಗಂಡು ಶೆಪರ್ಡ್ ಕಡೆ ತಿರುಗಿ ನೋಡುವುದು ಕಷ್ಟ. (ಗಂಡು ಶೆಪರ್ಡ್‌ಗೆ ದನಿ ಕೊಟ್ಟ ಮಾರ್ಕ್ ಮೀರ್ ಅಭಿಮಾನಿಗಳು ಬೈಯಬಹುದು. ಬೈಯಲಿ.)

ದನಿಯಿಂದ ಆದ ನಿಜವಾದ ಲಾಭ ನನಗೆ ಕಂಡದ್ದು 2011ರ ಡ್ರ್ಯಾಗನ್ ಏಜ್ 2ರಲ್ಲಿ. ನೀವು ಜಾಸ್ತಿ ಸಲ ತಮಾಷೆಯ ಉತ್ತರ ಆರಿಸಿದರೆ ಗೇಮ್ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ನೀವು ಏನೂ ಒತ್ತದೇ ಇರುವ ಜಾಗದಲ್ಲೂ ನಾಯಕ ಹಾಕ್ ತಾನಾಗಿ ಒಂದು ಜೋಕ್ ಹೊಡೆಯುತ್ತಾನೆ, ಸಿಡುಕಿನ ಉತ್ತರಗಳನ್ನು ಆರಿಸಿದ್ದರೆ ಸಿಡುಕುತ್ತಾನೆ. ನೀವೇ ಬೆಳೆಸಿದ ಸ್ವಭಾವ ನಿಮಗೇ ವಾಪಸ್ ಕೇಳಿಸುತ್ತದೆ. ಮಾತಾಡದ ನಾಯಕನಿಂದ ಇದು ಆಗದ ಕೆಲಸ.

ಹಾಗಾಗಿ ನನ್ನ ಲೆಕ್ಕ ಸರಳ. ಶುರುವಿನಲ್ಲೇ 'ನೀನು ಯಾರು' ಅಂತ ಕೇಳುವ ಗೇಮ್ ಆಮೇಲೆ ಬಾಯಿ ಮುಚ್ಚಿಕೊಂಡಿರಬೇಕು. 'ನೀನು ಇಂಥವನು' ಅಂತ ಹೇಳುವ ಗೇಮ್ ಧಾರಾಳವಾಗಿ ಮಾತಾಡಲಿ. ಸೈಬರ್‌ಪಂಕ್ 2077 ಈ ಲೆಕ್ಕಕ್ಕೆ ಸಿಗುವುದಿಲ್ಲ ಅಂತ ನನಗೂ ಗೊತ್ತು. ಅಲ್ಲಿ ವಿ ಎಂಬ ಪಾತ್ರದ ಮುಖ ನೀವೇ ಮಾಡುತ್ತೀರಿ, ದನಿ ಗೇಮ್ ಮಾಡಿದವರು ಕೊಟ್ಟದ್ದು, ಆದರೂ ಹೊಂದಿಕೊಂಡಿದೆ. ನೋಡುವುದೆಲ್ಲ ವಿಯ ಕಣ್ಣಿನಿಂದ, ಮುಖ ಕಾಣುವುದೇ ಅಪರೂಪ. ಅದಕ್ಕೇ ಇರಬೇಕು.

ಪ್ರಶ್ನೆ: ಸ್ಟಾರ್‌ಫೀಲ್ಡ್, ಬಾಲ್ಡರ್ಸ್ ಗೇಟ್ 3 ಥರದ ದೊಡ್ಡ ಗೇಮ್‌ಗಳಲ್ಲೂ ನಾಯಕನಿಗೆ ದನಿ ಇಲ್ಲ. ಅಷ್ಟು ದುಡ್ಡು ಸುರಿಯುವವರಿಗೆ ಒಬ್ಬ ನಟ ಭಾರವಾ?

ಉತ್ತರ: ಒಬ್ಬ ನಟ ಅಲ್ಲ. ಫಾಲ್‌ಔಟ್ 4ರಲ್ಲಿ ಒಟ್ಟು 1,11,000ಕ್ಕೂ ಹೆಚ್ಚು ಸಾಲುಗಳಿವೆ. ನಾಯಕ, ನಾಯಕಿಗೆ ದನಿ ಕೊಟ್ಟ ಇಬ್ಬರೂ ತಲಾ ಸುಮಾರು 13,000 ಸಾಲು ಹೇಳಿದ್ದಾರೆ. ಅಂದರೆ ಅದೇ ಮಾತು ಎರಡು ಸಲ ರೆಕಾರ್ಡ್ ಆಗಿದೆ. ಆಟಗಾರ ಅದರಲ್ಲಿ ಕೇಳುವುದು ಒಂದನ್ನೇ. ಡ್ರ್ಯಾಗನ್ ಏಜ್ ಇನ್‌ಕ್ವಿಸಿಷನ್‌ನಲ್ಲಿ ಆಯ್ಕೆಗೆ ನಾಲ್ಕು ದನಿ, ಹಾಗಾಗಿ ಒಂದೊಂದು ಸಾಲೂ ನಾಲ್ಕು ಸಲ. ಬೇರೆ ಭಾಷೆಗೆ ಡಬ್ ಮಾಡಿದರೆ ಮತ್ತೆ ಮೊದಲಿಂದ.

ದುಡ್ಡನ್ನಾದರೂ ಹೊಂದಿಸಬಹುದು. ಬರೆಯುವವರ ಕೈ ಕಟ್ಟಿಹೋಗುವುದು ಜಾಸ್ತಿ ತೊಂದರೆ. ರೆಕಾರ್ಡಿಂಗ್ ಮುಗಿದ ಮೇಲೆ ಒಂದು ಪದ ಬದಲಾಯಿಸಬೇಕಾದರೂ ನಟರನ್ನು ಮತ್ತೆ ಸ್ಟುಡಿಯೋಗೆ ಕರೆಸಬೇಕು. ಆಗ ಮೊದಲು ಕತ್ತರಿ ಬೀಳುವುದು ಹತ್ತು ಜನ ಆಡಿದರೆ ಒಬ್ಬರಿಗೆ ಸಿಗುವಂಥ ಸಾಲುಗಳಿಗೆ. ಈ ಆಟಗಳ ರುಚಿ ಇರುವುದೇ ಅಲ್ಲಿ.

1998ರ ಫಾಲ್‌ಔಟ್ 2ರಲ್ಲಿ ಕ್ಲಾಮತ್ ಅಂತ ಒಂದು ಊರು. ಅಲ್ಲಿ ದನ ಕಾಯುವ ಟಾರ್ ಎಂಬ ಪೆದ್ದ ಇದ್ದಾನೆ. ಮಾಮೂಲಿ ನಾಯಕನ ಜೊತೆ ತೊದಲು ತೊದಲಾಗಿ ಮಾತಾಡುತ್ತಾನೆ. ನೀವು ಬುದ್ಧಿಯ ಅಂಕ ತೀರಾ ಕಡಿಮೆ ಇಟ್ಟು ಆಡಿ ನೋಡಿ. ಆಗ ನಿಮ್ಮ ನಾಯಕನೂ ಊರಲ್ಲೆಲ್ಲ ಬರೀ ಗೊರ ಗೊರ ಅನ್ನುತ್ತಾನೆ. ಇಬ್ಬರೂ ಎದುರಾದಾಗ ಮಾತ್ರ ಇದ್ದಕ್ಕಿದ್ದಂತೆ ದೊಡ್ಡ ವಿದ್ವಾಂಸರ ಭಾಷೆ ಶುರು! ಒಬ್ಬರಿಗೊಬ್ಬರು ಚೆನ್ನಾಗಿ ಅರ್ಥವಾಗುತ್ತಾರೆ, ಉಳಿದವರಿಗೇ ಗೊತ್ತಿಲ್ಲ. 2004ರ ವ್ಯಾಂಪೈರ್ ಬ್ಲಡ್‌ಲೈನ್ಸ್‌ನಲ್ಲಿ ಮಲ್ಕೇವಿಯನ್ ಕುಲ ಆರಿಸಿಕೊಂಡರೆ ನಾಯಕನಿಗೆ ಬುದ್ಧಿ ಸ್ಥಿಮಿತ ಇಲ್ಲ, ಆದ್ದರಿಂದ ಅವನ ಮಾತೆಲ್ಲ ಬೇರೆಯೇ. ರಸ್ತೆ ಬದಿಯ 'ನಿಲ್ಲಿ' ಬೋರ್ಡ್ ಜೊತೆಗೂ ಜಗಳಕ್ಕೆ ನಿಲ್ಲುತ್ತಾನೆ. ಇದನ್ನೆಲ್ಲ ಗಂಡು ದನಿಯಲ್ಲೊಮ್ಮೆ ಹೆಣ್ಣು ದನಿಯಲ್ಲೊಮ್ಮೆ ರೆಕಾರ್ಡ್ ಮಾಡಿಸಿ ಅಂದರೆ ಯಾವ ಮ್ಯಾನೇಜರ್ ಸಹಿ ಹಾಕುತ್ತಾನೆ?

ಫಾಲ್‌ಔಟ್ 4 ಮಾಡಿದವರೇ 2023ರ ಸ್ಟಾರ್‌ಫೀಲ್ಡ್‌ನಲ್ಲಿ ಹಳೇ ದಾರಿಗೆ ಮರಳಿದರು. ಅದರಲ್ಲಿ 2,50,000ಕ್ಕೂ ಹೆಚ್ಚು ಸಾಲುಗಳಿವೆ, ನಾಯಕನ ಪಾಲಿಗೆ ಮಾತ್ರ ಮೌನ.

ಬಾಲ್ಡರ್ಸ್ ಗೇಟ್ 3ರ ಕಥೆ ಸ್ವಾರಸ್ಯದ್ದು. 2020ರಲ್ಲಿ ಮೊದಲು ತೋರಿಸಿದಾಗ ಉತ್ತರಗಳು ವರದಿಯ ಥರ ಇದ್ದವು. 'ನನಗೆ ಏನೂ ಗೊತ್ತಿಲ್ಲ' ಅನ್ನುವ ಬದಲು 'ಏನೂ ಗೊತ್ತಿಲ್ಲ ಅಂತ ಹೇಳಿದ' ಅನ್ನುವ ಧಾಟಿ. ಆಟಗಾರರಿಗೆ ಹಿಡಿಸಲಿಲ್ಲ. ಕೊನೆಗೆ ನೇರ ಮಾತನ್ನೇ ಬರೆದರು. ಜನರಿಗೆ ಬೇಕಿದ್ದದ್ದು ದನಿ ಅಲ್ಲ, ತಾವು ಆಡುವ ಮಾತು ಅಕ್ಷರಕ್ಕೆ ಅಕ್ಷರ ಕಣ್ಣೆದುರು ಇರುವುದು.

ಹಾಗಂತ ಅಲ್ಲಿ ಎಲ್ಲವೂ ಸರಿಯಿದೆ ಅಂತಲ್ಲ. ಮೊದಲ ಪ್ರಶ್ನೆಯ ತಮ್ಮ ಹೇಳಿದ ಗೋಡೆ ನನಗೂ ಇಲ್ಲೇ ಸಿಕ್ಕಿತು. ಎದುರಿಗಿರುವ ಗೆಳತಿ ಗಂಟಲು ಬಿಗಿದು ತನ್ನ ಕಷ್ಟ ಹೇಳಿಕೊಳ್ಳುತ್ತಿರುತ್ತಾಳೆ. ಕ್ಯಾಮೆರಾ ನಮ್ಮವನ ಮುಖಕ್ಕೆ ಬರುತ್ತದೆ. ಅವನು ಹುಬ್ಬು ಗಂಟಿಕ್ಕಿ ನಿಂತಿದ್ದಾನೆ, ಹಲ್ಲುನೋವು ಬಂದವನ ಹಾಗೆ. ನ್ಯೂ ವೇಗಸ್‌ನಲ್ಲಿ ಮಾತಿನ ನಡುವೆ ನಮ್ಮ ಮುಖವೇ ಕಾಣುತ್ತಿರಲಿಲ್ಲ, ಎದುರಿನವರ ಮುಖ ಅಷ್ಟೇ. ಮೌನ ಒಪ್ಪುವುದು ಕ್ಯಾಮೆರಾ ನಮ್ಮ ಕಣ್ಣಿನ ಹಿಂದೆ ಇದ್ದಾಗ. ಅದನ್ನು ಮುಖದ ಮುಂದೆ ತಂದ ಮೇಲೂ ಸುಮ್ಮನಿರಿ ಅಂದರೆ ಹೇಗೆ?

ಡಿಸ್ಕೋ ಎಲಿಸಿಯಂ ಇದಕ್ಕೆ ಬೇರೆ ದಾರಿ ಹುಡುಕಿತು. 2021ರ ಫೈನಲ್ ಕಟ್ ಎಂಬ ಆವೃತ್ತಿಯಲ್ಲಿ ಎಲ್ಲ ಪಾತ್ರಗಳಿಗೂ ದನಿ ಬಂತು. ನಾಯಕನ ತಲೆಯೊಳಗಿನ 24 ಕೌಶಲಗಳೂ ಲೆನ್‌ವಲ್ ಬ್ರೌನ್ ಎಂಬ ಒಬ್ಬರದೇ ದನಿಯಲ್ಲಿ ಪಿಸುಗುಡುತ್ತವೆ, ಗದರುತ್ತವೆ, ದಾರಿ ತಪ್ಪಿಸುತ್ತವೆ. ನೀವು ಆರಿಸುವ ಉತ್ತರವನ್ನು ಮಾತ್ರ ಯಾರೂ ಓದುವುದಿಲ್ಲ. ತಲೆ ತುಂಬ ಗದ್ದಲ, ಬಾಯಿ ನಿಮ್ಮದು.

ಪ್ರಶ್ನೆ: ಜಪಾನಿನ ಗೇಮ್‌ಗಳಲ್ಲಿ ನಾಯಕ ಹೊಡೆದಾಡುವಾಗ ಕೂಗಾಡುತ್ತಾನೆ, ಮಾತುಕತೆಗೆ ಬಂದರೆ ತಲೆ ಅಲ್ಲಾಡಿಸುತ್ತಾನೆ ಅಷ್ಟೇ. ಇದು ಸೋಮಾರಿತನ ಅಲ್ವಾ?

ಉತ್ತರ: ಕೂಗು ತೀರ್ಮಾನ ಅಲ್ಲ. ಪರ್ಸೋನಾ 5ರ ನಾಯಕ ಯುದ್ಧದಲ್ಲಿ 'ಪರ್ಸೋನಾ!' ಅಂತ ಅರಚಿದರೆ ನಿಮ್ಮಿಂದ ಏನೂ ಕಿತ್ತುಕೊಂಡ ಹಾಗಾಗುವುದಿಲ್ಲ. ಗೆಳೆಯನಿಗೆ ಏನು ಉತ್ತರ ಕೊಡಬೇಕು ಅನ್ನುವುದು ತೀರ್ಮಾನ. ಅದನ್ನು ನಿಮಗೆ ಬಿಟ್ಟಿದ್ದಾರೆ. 1986ರ ಡ್ರ್ಯಾಗನ್ ಕ್ವೆಸ್ಟ್‌ನಿಂದಲೂ ಆ ಸರಣಿಯ ನಾಯಕರು ಸುಮ್ಮನಿರುವುದು ಇದಕ್ಕೇ.

ಮಾತಿಲ್ಲದ ನಾಯಕನಿಗೂ ಸ್ವಭಾವ ಇರಬಹುದು ಅನ್ನುವುದಕ್ಕೆ ನನ್ನ ಮೆಚ್ಚಿನ ಸಾಕ್ಷಿ 1995ರ ಕ್ರೋನೋ ಟ್ರಿಗರ್. ಶುರುವಿನಲ್ಲಿ ಒಂದು ಜಾತ್ರೆ. ಸುಮ್ನೆ ಓಡಾಡುತ್ತೀರಿ. ಯಾರದೋ ಊಟ ಇಟ್ಟಿರುತ್ತದೆ, ತಿಂದುಬಿಡುತ್ತೀರಿ. ಹುಡುಗಿ ಒಬ್ಬಳು ಡಿಕ್ಕಿ ಹೊಡೆದು ಬೀಳುತ್ತಾಳೆ, ಅವಳ ಸರ ಜಾರಿ ಬೀಳುತ್ತದೆ. ಮೊದಲು ಅವಳನ್ನು ವಿಚಾರಿಸಿದಿರೋ, ಸರ ಎತ್ತಿಕೊಂಡಿರೋ? ಇದೆಲ್ಲ ಮರೆತೂ ಹೋಗುತ್ತದೆ. ಆಮೇಲೊಂದು ದಿನ ನಿಮ್ಮನ್ನು ಕಟಕಟೆಯಲ್ಲಿ ನಿಲ್ಲಿಸಿ, ಜಾತ್ರೆಯಲ್ಲಿ ಮಾಡಿದ್ದನ್ನೆಲ್ಲ ಒಂದೊಂದಾಗಿ ಎತ್ತಿ ಹೇಳುತ್ತಾರೆ. ಊಟ ಕಳೆದುಕೊಂಡವರೇ ಸಾಕ್ಷಿಗೆ ಬರುತ್ತಾರೆ. ನಾಯಕ ಕ್ರೋನೋ ಬಾಯಿ ಬಿಟ್ಟಿಲ್ಲ, ನೀವು ಮಾತ್ರ ಸಿಕ್ಕಿಬಿದ್ದಿದ್ದೀರಿ. ಅಂದ ಹಾಗೆ, ಆ ಗೇಮ್‌ನ ಹಲವು ಮುಕ್ತಾಯಗಳಲ್ಲಿ ಒಂದರಲ್ಲಿ ಅವನು ಮಾತಾಡುತ್ತಾನೆ. ಹುಡುಕಿಕೊಳ್ಳಿ.

ಪ್ರಶ್ನೆ: ನಾವಿಬ್ಬರು ಗೆಳೆಯರು ಸೇರಿ ಚಿಕ್ಕ ಆರ್‌ಪಿಜಿ (ಒಂದು ಪಾತ್ರವಾಗಿ ಆಡುವಂಥ ಗೇಮ್) ಮಾಡುತ್ತಿದ್ದೇವೆ. ನಟರನ್ನು ಕರೆಸಲು ದುಡ್ಡಿಲ್ಲ. ನಾಯಕನಿಗೆ ಎಐ ದನಿ ಹಾಕಬಹುದಾ?

ಉತ್ತರ: ನನ್ನನ್ನು ಕೇಳಿದರೆ ಬೇಡ. ಇದೇ ಎಐ ವಿಷಯಕ್ಕೆ ಅಮೆರಿಕದ ವಿಡಿಯೋ ಗೇಮ್ ನಟರು 2024ರ ಜುಲೈನಿಂದ ಸುಮಾರು ಒಂದು ವರ್ಷ ಮುಷ್ಕರ ಹೂಡಿದ್ದರು. ಯಾರ ದನಿಯಿಂದ ಕಲಿತದ್ದು, ಅವರು ಒಪ್ಪಿದ್ದರಾ ಅನ್ನುವ ಪ್ರಶ್ನೆ ನಿಮ್ಮ ಬಾಗಿಲಿಗೂ ಬರುತ್ತದೆ.

ಅದಕ್ಕಿಂತ ಮುಖ್ಯ, ನಿಮಗೆ ಅದರ ಅಗತ್ಯವೇ ಇಲ್ಲ. ನಾಯಕ ಸುಮ್ಮನಿದ್ದರೆ ಬಿಡುಗಡೆಯ ಹಿಂದಿನ ರಾತ್ರಿಯೂ ಡೈಲಾಗ್ ತಿದ್ದಬಹುದು. ಸ್ವಲ್ಪ ದುಡ್ಡು ಕೂಡಿದರೆ ಜೊತೆಗಾರ ಪಾತ್ರ ಒಂದಕ್ಕೆ ನಿಜವಾದ ನಟರಿಂದ ದನಿ ಕೊಡಿಸಿ. ನಾಯಕನ ಉತ್ತರಗಳನ್ನು ಪೂರ್ತಿ ವಾಕ್ಯದಲ್ಲೇ ತೋರಿಸಿ. ಕೋಪವೋ ತಮಾಷೆಯೋ ಗೊತ್ತಾಗದ ಸಾಲು ಇದ್ದರೆ ಪಕ್ಕದಲ್ಲಿ ಗುರುತು ಹಾಕುವ ಬದಲು ಸಾಲನ್ನೇ ತಿದ್ದಿ.

ಇನ್ನೊಂದು ಮಾತು. ಹೆಸರು ಬದಲಾಯಿಸಲು ಆಟಗಾರನಿಗೆ ಬಿಡುತ್ತೀರಾ? ಹಾಗಿದ್ದರೆ ಫೈನಲ್ ಫ್ಯಾಂಟಸಿ 10 ನೆನಪಿರಲಿ. 2001ರಲ್ಲಿ ಬಂದ ಅದು ಆ ಸರಣಿಯಲ್ಲಿ ದನಿ ಪಡೆದ ಮೊದಲ ಗೇಮ್. ನಾಯಕ ಟೀಡಸ್‌ನ ಹೆಸರನ್ನು ಆಟಗಾರ ಬದಲಾಯಿಸಬಹುದಿತ್ತು. ಹಾಗಾಗಿ ಇಡೀ ಗೇಮ್‌ನಲ್ಲಿ ಒಬ್ಬರೂ ಅವನನ್ನು ಹೆಸರು ಹಿಡಿದು ಕರೆಯುವುದಿಲ್ಲ, ಅವನನ್ನು ಪ್ರೀತಿಸುವ ಯೂನಾ ಕೂಡ. ಮೊದಲ ಸಲ ಆಡಿದಾಗ ನನಗೆ ಇದು ಗೊತ್ತೇ ಆಗಲಿಲ್ಲ, ಗೊತ್ತಾದ ಮೇಲೆ ಬೇರೇನೂ ಕೇಳಿಸಲಿಲ್ಲ. ಶೆಪರ್ಡ್, ಹಾಕ್ ಅಂತ ಮನೆತನದ ಹೆಸರನ್ನು ಗಟ್ಟಿ ಮಾಡಿಟ್ಟದ್ದು ಈ ತೊಂದರೆ ತಪ್ಪಿಸುವುದಕ್ಕೇ. ನಿಮ್ಮ ಜೊತೆಗಾರ ಪಾತ್ರಕ್ಕೆ ದನಿ ಕೊಡಿಸುವ ಮುಂಚೆಯೇ ನಾಯಕನಿಗೆ ಒಂದು ಅಡ್ಡಹೆಸರು ಇಟ್ಟುಬಿಡಿ.